ತೇರ್ಸ್ ಮುಗಿದ ಮೇಲೊಂದು ಓವಿ

1608ರ ಡಿಸೆಂಬರಿನಲ್ಲಿ ಗೋವೆಯ ಪಾದ್ರಿಯೊಬ್ಬ ರೋಮಿನಲ್ಲಿದ್ದ ತನ್ನ ಸಂಘದ ಮಹಾಮುಖ್ಯಸ್ಥನಿಗೆ ಪತ್ರ ಬರೆದ. ಬಹಳ ದಿನಗಳಿಂದ ಒಂದು ಆಸೆಯಿದೆ, ಈ ನಾಡಿನ ಭಾಷೆಯಲ್ಲಿ, ಈ ನಾಡಿನ ಲಿಪಿಯಲ್ಲೇ ಕೆಲವು ಪುಸ್ತಕಗಳು ಅಚ್ಚಾಗಬೇಕು, ಮಲಬಾರಿನವರಿಗೆ ಆಗಿದೆಯಲ್ಲ ಎಂಬುದು ಅದರ ಸಾರ. ಅಡ್ಡಿಯಾಗಿದ್ದದ್ದು ಅಚ್ಚುಮೊಳೆ. ಇಲ್ಲಿ ಸ್ವರ ವ್ಯಂಜನಗಳು ಕೂಡಿಯೇ ಒಂದು ಅಕ್ಷರವಾಗುತ್ತದೆ, ಆದ್ದರಿಂದ 600ರಷ್ಟು ಮೊಳೆ ಎರಕ ಹೊಯ್ಯಬೇಕು. ರೋಮನ್ ಲಿಪಿಗಾದರೆ ಎರಡು ಡಜನ್ ಸಾಕು.

ಈ 600ರ ಲೆಕ್ಕ ನನ್ನ ತಲೆಯಿಂದ ಇಳಿಯುತ್ತಲೇ ಇಲ್ಲ. ನಮ್ಮ ಕಾಗುಣಿತವನ್ನೇ ತೆಗೆದುಕೊಳ್ಳಿ. ಮೂವತ್ತನಾಲ್ಕು ವ್ಯಂಜನ, ಒಂದೊಂದಕ್ಕೆ ಹನ್ನೆರಡು ಹದಿಮೂರು ರೂಪ, ಅಲ್ಲಿಗೇ ನಾನೂರು ದಾಟಿತು. ಒತ್ತಕ್ಷರ ಇನ್ನೂ ಬಾಕಿ. ಕೊಂಬು, ದೀರ್ಘ, ವಟ್ರಸುಳಿಗಳನ್ನು ಬೇರೆ ಮೊಳೆಯಾಗಿ ಮಾಡಿ ಜೋಡಿಸಿದರಾಯಿತಲ್ಲ ಎಂದು ಇವತ್ತಿನವರು ಹೇಳಬಹುದು. ಆ ಜಾಣತನ ಕೈಗೆ ಹತ್ತಲು ಕಮ್ಮಟದವರು ಬಹಳ ಕಾಲ ಕಾಯಬೇಕಾಯಿತು. ಗೋವೆಯಲ್ಲೇ ತಮಿಳಿನ ಮೊಳೆ ಎರಕ ಹೊಯ್ದು, 1578ರಲ್ಲಿ ಕೊಲ್ಲಂನಲ್ಲಿ ಹದಿನಾರು ಪುಟದ ‘ತಂಬಿರಾನ್ ವಣಕ್ಕಂ’ ಅಚ್ಚು ಹಾಕಿದ್ದರು. ತಮಿಳಿಗೆ ಅಕ್ಷರಗಳೂ ಕಡಿಮೆ, ಒತ್ತೂ ಇಲ್ಲ, ಆದ್ದರಿಂದ ನಡೆಯಿತು. ಕನ್ನಡದ ಮೊಳೆಗಳಿಂದ ಅಚ್ಚಾದ ವಿಲಿಯಂ ಕೇರಿಯ ವ್ಯಾಕರಣ ಹೊರಬಂದದ್ದು 1817ರಲ್ಲಿ, ಅದೂ ದೂರದ ಸೇರಾಂಪುರದಲ್ಲಿ. ಅಂದರೆ ಪಾದ್ರಿಯ ಪತ್ರದ ಮೇಲೆ ಇನ್ನೂ ಇನ್ನೂರು ಚಿಲ್ಲರೆ ವರ್ಷ. ಗೋವೆಯಲ್ಲಿ ಒಬ್ಬನೇ ಒಬ್ಬ ಹಟಮಾರಿ ಅಕ್ಕಸಾಲಿ ಆ 600 ಮೊಳೆ ಕೆತ್ತಲು ಒಪ್ಪಿಬಿಟ್ಟಿದ್ದರೆ ಪಶ್ಚಿಮ ಕರಾವಳಿಯ ಓದು ಬರಹದ ಕಥೆಯೇ ಬೇರೆಯಾಗುತ್ತಿತ್ತೇನೋ.

ಯಾರೂ ಒಪ್ಪಲಿಲ್ಲ. 1616ರಲ್ಲಿ ಗೋವೆಯ ರಾಯ್ತೂರಿನಲ್ಲಿ ಪಾದ್ರಿಯ ಮಹಾಕಾವ್ಯ ಅಚ್ಚಾದದ್ದು ರೋಮನ್ ಲಿಪಿಯಲ್ಲೇ. ಪಾದ್ರಿಯ ಹೆಸರು ಥಾಮಸ್ ಸ್ಟೀಫನ್ಸ್. ಕಾವ್ಯ ಮರಾಠಿಯ ‘ಕ್ರಿಸ್ತಪುರಾಣ’. ಅದರ ಹೆಸರು ಕೇಳಿದವರು ಬಹಳ, ಪುಟ ತಿರುವಿದವರು ಕಡಿಮೆ. ನಾನೂ ಸಂಶೋಧಕರ ಅಡಿಟಿಪ್ಪಣಿಗಳಲ್ಲಿ ಅದರ ಮುಖ ಕಂಡಿದ್ದೆನೇ ಹೊರತು ಅದನ್ನು ಹಾಡುವ ಬಾಯಿ ಕಂಡಿರಲಿಲ್ಲ.

ಈಚಿನ ಒಂದು ಕರೆಜ್ಮದ ಶುಕ್ರವಾರ ಅದೂ ಆಯಿತು. ಈಸ್ಟರಿಗೆ ಮೊದಲಿನ ನಲವತ್ತು ದಿನಗಳ ವ್ರತಕಾಲಕ್ಕೆ ಮಂಗಳೂರಿನ ಕೆಥೋಲಿಕರು ಕರೆಜ್ಮ ಎನ್ನುತ್ತಾರೆ. ಕೊಂಕಣಿಯಲ್ಲಿ ಕವಿತೆ ಬರೆಯುವ ಗೆಳೆಯರೊಬ್ಬರು ಕುಲಶೇಖರದ ಕಡೆಯ ಹಳೆಯ ಹಂಚಿನ ಮನೆಯೊಂದಕ್ಕೆ ಕರೆದುಕೊಂಡು ಹೋದರು. “ಹೋಗಿ ಮಾತಾಡಲಿಕ್ಕೆ ಶುರು ಮಾಡಬೇಡಿ, ತೇರ್ಸ್ ಮುಗಿಯಲಿ” ಎಂದು ದಾರಿಯಲ್ಲೇ ಎಚ್ಚರಿಸಿದ್ದರು. ತೇರ್ಸ್ ಎಂದರೆ ಜಪಮಣಿ ಎಣಿಸುತ್ತ ಮಾಡುವ ಪ್ರಾರ್ಥನೆ. ಹೋದಾಗ ಸೆಕೆ ಇನ್ನೂ ಇಳಿದಿರಲಿಲ್ಲ. ಫ್ಯಾನು ತಿರುಗುತ್ತಿತ್ತು, ಗೋಡೆಗೆ ಹೊಡೆದ ಪುಟ್ಟ ಆಲ್ತಾರಿನ ಎದುರು ಚಾಪೆ ಹಾಸಿತ್ತು. ಮನೆಯ ಮಂದಿ ಜಪಮಣಿ ಹಿಡಿದು ‘ನಮಾನ್ ಮರಿಯೆ’ ಹೇಳುತ್ತಿದ್ದರು. ಅರ್ಧ ಪ್ರಾರ್ಥನೆ ಒಬ್ಬರು, ಉಳಿದರ್ಧ ಎಲ್ಲರೂ. ಚಿಕ್ಕ ಹುಡುಗನೊಬ್ಬ ಮೂರನೆಯ ಹತ್ತಕ್ಕೆ ತೂಕಡಿಸಿ ಅಜ್ಜಿಯ ಮೊಣಕೈ ತಿವಿತಕ್ಕೆ ಎಚ್ಚರಗೊಂಡ.

ಆ ಅಜ್ಜಿಯನ್ನೇ ನಾವು ನೋಡಲು ಹೋದದ್ದು. ನಿವೃತ್ತಿಯವರೆಗೂ ಮಕ್ಕಳಿಗೆ ಕನ್ನಡ ವ್ಯಾಕರಣ ಹೇಳಿಕೊಟ್ಟ ಟೀಚರು. ಮನೆಯೊಳಗೆ ಕೊಂಕಣಿ, ಗೇಟಿನಾಚೆ ತುಳು. ತೇರ್ಸ್ ಮುಗಿದು, ಹಿರಿಯರಿಂದ ಬೆಸಾಂವ್, ಅಂದರೆ ಆಶೀರ್ವಾದ, ಬೇಡಿ, ಮಕ್ಕಳೆಲ್ಲ ಚದುರಿದ ಮೇಲೆ ಅವರು ಆಲ್ತಾರಿನ ಕೆಳಗಿನ ಖಾನೆಯಿಂದ ಎರಡು ವಸ್ತು ಹೊರಗೆ ತೆಗೆದರು. ಒಂದು, ರಟ್ಟು ಸಡಿಲವಾದ ದಪ್ಪ ಪುಸ್ತಕ. ಮುಖಪುಟದಲ್ಲಿ ಮಂಗಳೂರಿನ ಬೋಳಾರದ ಹೆಸರು, ಮುದ್ರಕರು ಸೈಮನ್ ಆಲ್ವಾರಿಸ್, ಇಸವಿ 1907. ಇನ್ನೊಂದು, ಮಕ್ಕಳು ಶಾಲೆಗೆ ಒಯ್ಯುವಂಥ ಉದ್ದ ನೋಟುಬುಕ್ಕು.

ಮೊದಲು ಪುಸ್ತಕ. ಕನ್ನಡಕ ಸರಿಮಾಡಿಕೊಂಡು, ಹಿಂದಿನ ಸಂಜೆ ನಿಲ್ಲಿಸಿದಲ್ಲಿಂದ ಓದತೊಡಗಿದರು. ಓದು ಎಂದರೆ ತಪ್ಪಾದೀತು, ಪೂರ್ತಿ ಹಾಡೂ ಅಲ್ಲ. ಮೂರು ಸಾಲು ಒಂದೇ ಪ್ರಾಸದಲ್ಲಿ ಏರಿ ನಾಲ್ಕನೆಯದು ಗಿಡ್ಡವಾಗಿ, ಪ್ರಾಸವಿಲ್ಲದೆ ಇಳಿಯುತ್ತದೆ. ಅದೇ ಓವಿ. ಜ್ಞಾನೇಶ್ವರ, ಏಕನಾಥರ ಛಂದಸ್ಸು, ಬೀಸುವ ಕಲ್ಲಿನ ಮುಂದೆ ಮರಾಠಿ ಹೆಂಗಸರು ಹಾಡುತ್ತ ಬಂದ ಛಂದಸ್ಸು. ಅರ್ಥ ಎಷ್ಟು ಆಗುತ್ತದೆ ಎಂದು ಕೇಳಿದೆ. “ಮುಕ್ಕಾಲು ಪಾಲು ಆಗ್ತದೆ. ಉಳಿದ ಕಾಲು ಪಾಲಿಗೆ ಹಿಂದೆ ಪದಕೋಶ ಉಂಟು. ಅದರಲ್ಲಿಯೂ ಇಲ್ಲದಿದ್ದರೆ ನನ್ನ ಅಮ್ಮ ಹೇಳಿದ್ದು ಉಂಟು.” ಅಮ್ಮನೂ ಇದೇ ಪ್ರತಿಯನ್ನು ಓದುತ್ತಿದ್ದರಂತೆ. ಟೀಚರ ಅಜ್ಜಿಗೆ ಅಕ್ಷರ ಬಾರದು, ಆಕೆಗೆ ಕೆಲವು ಓವಿ ಬಾಯಿಪಾಠ.

ಓದು ಮುಗಿದ ಮೇಲೆ ನೋಟುಬುಕ್ಕು. ಅದರಲ್ಲಿ ಅವರದೇ ಓವಿಗಳು, ಕೊಂಕಣಿಯಲ್ಲಿ, ಕನ್ನಡ ಲಿಪಿಯಲ್ಲಿ. ದಿನಕ್ಕೆ ಒಂದು. ಜಾಸ್ತಿ ಬಂದರೂ ಒಂದೇ ಬರೆಯುವುದು, ಬಾರದಿದ್ದರೆ ಹಿಂದಿನ ದಿನದ್ದನ್ನು ತಿದ್ದುವುದು. ತೇರ್ಸ್ ಆಗದೆ ಓದಿಲ್ಲ, ಓದು ಆಗದೆ ಬರಹ ಇಲ್ಲ. ಇದು ಅವರ ಕ್ರಮ.

ನನ್ನ ಕುತೂಹಲ ಬೇರೆ ಇತ್ತು. “ಮಣಿ ಎಣಿಸುತ್ತಿರುವಾಗಲೇ ಒಳ್ಳೆಯ ಸಾಲು ಹೊಳೆದರೆ ಏನು ಮಾಡುತ್ತೀರಿ?”

ಅವರು ಜೋರಾಗಿ ನಕ್ಕರು. “ಹೊಳೆಯದೆ ಇರುವುದುಂಟಾ? ಪ್ರಾರ್ಥನೆಗೆ ಕೂತರೆ ಸಾಕು, ಅಡುಗೆಮನೆಯಲ್ಲಿ ಇಡೀ ದಿನ ಬಾರದ್ದು ಆಗಲೇ ಬರುವುದು. ನಾಲ್ಕನೆಯ ಮಿಸ್ತೆರಿನಲ್ಲಿ ಬಂದದ್ದು ಐದನೆಯದು ಮುಗಿಯುವಾಗಲೂ ಇದ್ದರೆ ಬರೆಯುವುದು. ಇಲ್ಲದಿದ್ದರೆ ಹೋಗಲಿ.”

ಎದ್ದು ಹೋಗಿ ಗುರುತು ಹಾಕಿಕೊಂಡು ಬರುವುದಿಲ್ಲವೇ? “ದೇವರ ಎದುರು ಕೂತುಕೊಂಡು ಪೆನ್ನು ಹುಡುಕುವುದಾ?” ಎಂದರು, ಹೋಂವರ್ಕ್ ಮರೆತ ಹುಡುಗನನ್ನು ನೋಡುವ ಕಣ್ಣಿನಲ್ಲಿ.

ತಮಾಷೆಯಾಗಿ ಕಂಡರೂ ಇದರಲ್ಲೊಂದು ಬರವಣಿಗೆಯ ಪಾಠವಿದೆ. ಬರೆಯುವವರಿಗೆಲ್ಲ ಗೊತ್ತಿರುವಂತೆ ಹೊಳೆದದ್ದೆಲ್ಲ ಒಳ್ಳೆಯದಲ್ಲ. ಬಂದ ಕೂಡಲೇ ಮೊಬೈಲಿನಲ್ಲಿ ಕುಟ್ಟಿಕೊಂಡ ಸಾಲುಗಳಲ್ಲಿ ಮುಕ್ಕಾಲು ಪಾಲು ಬೆಳಗ್ಗೆ ನೋಡಿದರೆ ಜೊಳ್ಳು. ಅವರ ಜಪಮಣಿ ಆ ಜೊಳ್ಳನ್ನು ಅಲ್ಲೇ ತೂರಿಬಿಡುತ್ತದೆ. ಹತ್ತು ಹತ್ತು ಸಲ ಅದೇ ಮಾತು ಹೇಳುತ್ತಿರುವ ನಾಲಗೆಯ ಹಿಂದೆ, ಆ ಸದ್ದನ್ನೂ ದಾಟಿ ನಿಂತ ಸಾಲು ಮಾತ್ರ ಪುಸ್ತಕಕ್ಕೆ ಬರುತ್ತದೆ. ಶುಕ್ರವಾರದ ಮಿಸ್ತೆರುಗಳು, ಅಂದರೆ ಒಂದೊಂದು ಹತ್ತಕ್ಕೂ ಧ್ಯಾನಿಸುವ ಪ್ರಸಂಗಗಳು, ದುಃಖದವು. ನಾಲ್ಕನೆಯದರಲ್ಲಿ ಶಿಲುಬೆ ಹೊತ್ತು ನಡೆಯುವುದು, ಐದನೆಯದರಲ್ಲಿ ಮರಣ. ಆ ಎರಡರ ನಡುವೆ ಉಳಿದುಕೊಳ್ಳುವ ಸಾಲಿಗೆ ಏನೋ ಒಂದು ಗಟ್ಟಿತನ ಇರಲೇಬೇಕು.

ಸ್ಟೀಫನ್ಸನ ಕಾವ್ಯವೂ ಇಂಥ ಪ್ರಾರ್ಥನೆಯ ಕೂಸೇ ಎಂಬ ಗುಮಾನಿ ನನಗೆ ಆ ಮನೆಯಲ್ಲೇ ಹುಟ್ಟಿತು. ಅವನು ಜೆಸ್ಯುಯಿಟ್, ಅಂದರೆ ಸಂತ ಇಗ್ನೇಷಿಯಸ್ ಲೊಯೋಲನ ಸಂಘದವನು. ಆ ಸಂಘಕ್ಕೆ ಸೇರಿದವರೆಲ್ಲ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ, 1548ರಲ್ಲಿ ಪೋಪನ ಒಪ್ಪಿಗೆ ಪಡೆದ ಪುಟ್ಟ ಕೈಪಿಡಿಯ ಪ್ರಕಾರ ಒಂದು ತಿಂಗಳು ಮೌನದಲ್ಲಿ ಕೂರಬೇಕು. ಈ ಕೈಪಿಡಿಯನ್ನು ಭಕ್ತಿಗ್ರಂಥ ಎಂದುಕೊಂಡು ತೆರೆದರೆ ಬೆರಗಾಗುತ್ತದೆ. ಕಣ್ಣು ಮುಚ್ಚಿ ಮನಸ್ಸನ್ನು ಬರಿದು ಮಾಡಿಕೋ ಎಂದು ಅದು ಹೇಳುವುದೇ ಇಲ್ಲ. ತದ್ವಿರುದ್ಧ. ನಜರೇತಿನಿಂದ ಬೆತ್ಲೆಹೇಮಿಗೆ ಹೋಗುವ ದಾರಿಯನ್ನು ನೋಡು, ಎಷ್ಟು ಉದ್ದ, ಎಷ್ಟು ಅಗಲ, ಸಮತಟ್ಟೋ, ಕಣಿವೆ ಬೆಟ್ಟ ಹತ್ತಿ ಇಳಿಯುತ್ತದೋ? ಗವಿ ದೊಡ್ಡದೋ ಚಿಕ್ಕದೋ, ಮಾಡು ತಗ್ಗೋ ಎತ್ತರವೋ? ಅಲ್ಲಿರುವವರು ಏನು ಮಾತಾಡುತ್ತಿದ್ದಾರೆ, ಕೇಳು. ಆಮೇಲೆ ಮೂಸು, ರುಚಿ ನೋಡು, ಮುಟ್ಟು. ಬೈಬಲಿನಲ್ಲಿ ಇಲ್ಲದ ಒಬ್ಬ ಕೆಲಸದಾಕೆಯನ್ನೂ ಇಗ್ನೇಷಿಯಸ್ ಆ ದಾರಿಗೆ ಸೇರಿಸಿಬಿಡುತ್ತಾನೆ. ಪ್ರಾರ್ಥಿಸುವವನು ತಾನೂ ಅಲ್ಲೊಬ್ಬ ಬಡ ಆಳಾಗಿ ನಿಂತು ಅವರ ಸೇವೆ ಮಾಡಬೇಕು. ಕೊನೆಗೆ ಗೆಳೆಯ ಗೆಳೆಯನೊಡನೆ ಆಡುವಂತೆ ದೇವರೊಡನೆ ಮಾತಾಡಬೇಕು.

ಇವತ್ತು ಕಥೆ ಬರೆಯುವ ಕಮ್ಮಟಗಳಲ್ಲಿ ದುಡ್ಡು ತೆಗೆದುಕೊಂಡು ಹೇಳಿಕೊಡುವುದು ಹೆಚ್ಚು ಕಡಿಮೆ ಇದನ್ನೇ. ಸ್ಥಳ ಕಟ್ಟು, ಐದು ಇಂದ್ರಿಯ ತೆರೆ, ಪಾತ್ರದ ಬಾಯಿಗೆ ಮಾತು ಕೊಡು, ನೀನು ಎಲ್ಲಿ ನಿಂತು ನೋಡುತ್ತಿದ್ದೀ ತಿಳಿದುಕೋ. ಹೀಗೆ ಪ್ರಾರ್ಥಿಸಿ ಪ್ರಾರ್ಥಿಸಿ ಪಳಗಿದ ಮನುಷ್ಯನಿಗೆ ಕಾವ್ಯದ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ. ಉಳಿದರ್ಧ ಭಾಷೆ ಮತ್ತು ಛಂದಸ್ಸು. ಅದನ್ನು ಅವನು ಗೋವೆಯ ಸಾಲ್ಸೆಟ್ಟಿನ ಹಳ್ಳಿಗಳಲ್ಲಿ ಕಲಿತ.

ಅವನ ಚರಿತ್ರೆ ಸಂಕ್ಷೇಪವಾಗಿ ಹೀಗೆ. ಹುಟ್ಟಿದ್ದು ಸುಮಾರು 1549ರಲ್ಲಿ, ಇಂಗ್ಲೆಂಡಿನ ವಿಲ್ಟ್‌ಶೈರಿನಲ್ಲಿ. ಆಗ ಅಲ್ಲಿ ಕೆಥೋಲಿಕ್ ಪಾದ್ರಿಯಾಗುವುದೆಂದರೆ ಕೊರಳಿಗೆ ಹಗ್ಗ ತಂದುಕೊಂಡಂತೆ. ಅವನ ಕಾಲದ ಜೆಸ್ಯುಯಿಟ್ ಕವಿ ರಾಬರ್ಟ್ ಸೌತ್‌ವೆಲ್‌ನನ್ನು 1595ರಲ್ಲಿ ಗಲ್ಲಿಗೇರಿಸಿದರು. ಸ್ಟೀಫನ್ಸ್ 1575ರಲ್ಲಿ ರೋಮಿನಲ್ಲಿ ಸಂಘ ಸೇರಿ, 1579ರ ಏಪ್ರಿಲಿನಲ್ಲಿ ಲಿಸ್ಬನ್ನಿನಿಂದ ಹಡಗು ಹತ್ತಿ, ಅಕ್ಟೋಬರಿನಲ್ಲಿ ಗೋವೆಗೆ ಬಂದಿಳಿದ. ಭಾರತದಲ್ಲಿ ನೆಲೆ ನಿಂತ ಮೊದಲ ಇಂಗ್ಲಿಷರವನು ಎನ್ನುತ್ತಾರೆ. 1583ರಲ್ಲಿ ಸೋದರನಿಗೆ ಬರೆದ ಪತ್ರದಲ್ಲಿ ಇಲ್ಲಿನ ಭಾಷೆಗಳ ಕಟ್ಟೋಣ ಗ್ರೀಕ್, ಲ್ಯಾಟಿನ್ನುಗಳನ್ನು ಹೋಲುತ್ತದೆ ಎಂದು ಗುರುತಿಸಿದ. ವಿಲಿಯಂ ಜೋನ್ಸ್ ಅದೇ ಮಾತಿಗೆ ಕೀರ್ತಿ ಪಡೆದದ್ದು ಇನ್ನೂರು ವರ್ಷ ಕಳೆದ ಮೇಲೆ. ಕೊಂಕಣಿಗೆ ವ್ಯಾಕರಣ ಬರೆದ. ಅದು ಅವನು ಸತ್ತ ಮೇಲೆ 1640ರಲ್ಲಿ ಅಚ್ಚಾಯಿತು. ಸುಮಾರು ನಲವತ್ತು ವರ್ಷ ಇಲ್ಲೇ ಕಳೆದು 1619ರಲ್ಲಿ ತೀರಿಕೊಂಡ. ಹಿಂದಿರುಗಿ ಹೋಗಲೇ ಇಲ್ಲ.

ಕಾವ್ಯ ಹುಟ್ಟಿದ ಸಂದರ್ಭವನ್ನು ಕಾವ್ಯವೇ ಹೇಳುತ್ತದೆ. ಸಾಲ್ಸೆಟ್ಟಿನ ಇಗರ್ಜಿಯೊಂದರಲ್ಲಿ ಭಾನುವಾರದ ಧರ್ಮಬೋಧೆ ನಡೆಯುತ್ತಿದೆ. ಹೊಸದಾಗಿ ಕ್ರೈಸ್ತನಾದ ಬ್ರಾಹ್ಮಣನೊಬ್ಬ ಎದ್ದು ನಿಂತು ಕೇಳುತ್ತಾನೆ. ನಮ್ಮ ಹಳೆಯ ಪುರಾಣಗಳನ್ನು ಓದಬೇಡಿ ಎಂದಿರಿ, ಸರಿ. ಅದಕ್ಕೆ ಬದಲಾಗಿ ನಮ್ಮ ಭಾಷೆಯಲ್ಲಿ ನೀವೊಂದು ಪುರಾಣ ಏಕೆ ಕೊಡಬಾರದು, ಹೊತ್ತು ಕಳೆಯಲು ನಮಗೇನಿದೆ? ಪಾದ್ರಿಗೆ ಮಾತು ನಾಟುತ್ತದೆ. ಆದಿಯಿಂದ ಕ್ರಿಸ್ತನ ಆರೋಹಣದವರೆಗೆ ಮೊದಲ ಪುರಾಣದಲ್ಲಿ 36, ಎರಡನೆಯದರಲ್ಲಿ 59 ಅವಸ್ವರಗಳು, ಅಂದರೆ ಸಂಧಿಗಳು, ಒಟ್ಟು ಹತ್ತಿರ ಹತ್ತಿರ 11,000 ಓವಿಗಳು ಬೆಳೆದು ನಿಲ್ಲುತ್ತವೆ. ಪೀಠಿಕಾಸಂಧಿಯಲ್ಲಿ ಸ್ತುತಿ, ಭಾಷೆಯ ಹೊಗಳಿಕೆ ಎಲ್ಲವೂ ನಮ್ಮ ಕಾವ್ಯಗಳ ಹಾಗೆಯೇ. ಸ್ವರ್ಗಕ್ಕೆ ವೈಕುಂಠ, ದೇವರಿಗೆ ಪರಮೇಶ್ವರ.

ಇಲ್ಲಿ ಒಂದು ಮುಳ್ಳಿದೆ, ಅದನ್ನು ಮುಚ್ಚಿ ಮುಂದೆ ಹೋಗಲು ನನ್ನಿಂದಾಗದು. ಆ ಬ್ರಾಹ್ಮಣನಿಗೆ ಹೊತ್ತು ಹೋಗದೆ ಇದ್ದದ್ದು ಏಕೆ? 1567ರಲ್ಲಿ ಇದೇ ಸಾಲ್ಸೆಟ್ಟಿನಲ್ಲಿ ನೂರಾರು ದೇವಸ್ಥಾನಗಳನ್ನು ಕೆಡವಿದ್ದರು. 1560ರಿಂದ ಗೋವೆಯಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ಕೂತಿತ್ತು. ಹಳೆಯ ಪೋಥಿಗಳನ್ನು ಕಸಿದವರೇ ಹೊಸ ಪೋಥಿ ಕೊಟ್ಟರು ಎಂಬುದು ಈ ಕಾವ್ಯದ ನೆರಳು. ಸ್ಟೀಫನ್ಸನ ಕೈಯಲ್ಲಿ ಹಾರೆ ಇರಲಿಲ್ಲ, ಲೇಖನಿ ಇತ್ತು, ನಿಜ. ಆದರೆ ಲೇಖನಿಗೆ ಜಾಗ ಮಾಡಿಕೊಟ್ಟದ್ದು ಹಾರೆ. ಇನ್ನೂ ವಿಚಿತ್ರವೆಂದರೆ, 1684ರಲ್ಲಿ ಪೋರ್ಚುಗೀಸ್ ವೈಸರಾಯ್ ಸ್ಥಳೀಯ ಭಾಷೆಯನ್ನೇ ಬಿಟ್ಟು ಮೂರು ವರ್ಷದೊಳಗೆ ಪೋರ್ಚುಗೀಸ್ ಕಲಿಯಿರಿ ಎಂದು ಆಜ್ಞೆ ಹೊರಡಿಸಿದಾಗ, ಅಪಾಯಕ್ಕೆ ಸಿಕ್ಕ ಸಾಹಿತ್ಯದಲ್ಲಿ ಈ ಪಾದ್ರಿಯ ಪುರಾಣವೂ ಸೇರಿತು.

1616, 1649, 1654, ಹೀಗೆ ಮೂರು ಸಲ ಅಚ್ಚಾದ ಪುಸ್ತಕದ ಒಂದು ಪ್ರತಿಯೂ ಇವತ್ತು ಎಲ್ಲೂ ಸಿಕ್ಕಿಲ್ಲ. ಉಳಿದದ್ದು ಕೈಬರಹ. ಕ್ಷಾಮ, ಯುದ್ಧ, ಧರ್ಮವಿಚಾರಣೆಗಳ ಭಯದಿಂದ ಗೋವೆ ಬಿಟ್ಟು ತೆಂಕಣಕ್ಕೆ, ನಮ್ಮ ಕರಾವಳಿಗೆ ಬಂದ ಕುಟುಂಬಗಳು ಪ್ರತಿ ಮಾಡಿಕೊಂಡು ಇಟ್ಟುಕೊಂಡಿದ್ದವು. ಟಿಪ್ಪು ಸುಲ್ತಾನ 1784ರಲ್ಲಿ ಇಲ್ಲಿನ ಕೆಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. 1799ರವರೆಗಿನ ಆ ಸೆರೆಯಲ್ಲಿ ಪಾದ್ರಿಗಳಿಲ್ಲ, ಇಗರ್ಜಿ ಇಲ್ಲ. ಈ ಓವಿಗಳೇ ಅವರ ಪೂಜೆ, ಇವೇ ಅವರ ಸಾಂತ್ವನ ಎಂದು ಮಂಗಳೂರಿನಲ್ಲಿ ಹೇಳುತ್ತಾರೆ. ಇಂಥ ಚೆಂದದ ಕಥೆ ಕೇಳಿದಾಗ ನಾನು ಸ್ವಲ್ಪ ಅನುಮಾನಿಸುತ್ತೇನೆ. ಸೆರೆಯಲ್ಲಿದ್ದವರು ದಪ್ಪ ಪೋಥಿ ಹೊತ್ತೊಯ್ದರೇ? ಟೀಚರಿಗೆ ಈ ಅನುಮಾನ ಹಿಡಿಸಲಿಲ್ಲ. “ಪುಸ್ತಕ ಯಾಕೆ ಬೇಕು? ನನ್ನ ಅಜ್ಜಿಗೆ ಬರ್ತಿರಲಿಲ್ಲವಾ ಬಾಯಲ್ಲಿ?” ಎಂದರು. ಅಲ್ಲಿಗೆ ನಾನು ಸುಮ್ಮನಾದೆ.

ಆ ಕೈಬರಹಗಳನ್ನು ಕಲೆಹಾಕಿ ಹೋಲಿಸಿ, ಇಂಗ್ಲಿಷಿನಲ್ಲಿ ಕವಿಚರಿತ್ರೆ, ಪೀಠಿಕೆ, ಕಥಾಸಾರ, ಪದಕೋಶ ಎಲ್ಲ ಜೋಡಿಸಿ ಮಂಗಳೂರಿನ ಜೋಸೆಫ್ ಸಲ್ಡಾನ್ಹ 1907ರಲ್ಲಿ ಸಂಪಾದಿಸಿದ್ದೇ ಆ ಖಾನೆಯೊಳಗಿನ ದಪ್ಪ ಪುಸ್ತಕ. ಮರಾಠಿಯ ಒಂದು ಮಹಾಕಾವ್ಯ ಮರುಹುಟ್ಟು ಪಡೆದದ್ದು ಬೋಳಾರದಲ್ಲಿ, ಇದು ಪುಣೆಯವರಿಗೆ ನಾವು ಆಗಾಗ ನೆನಪಿಸಬೇಕಾದ ಸಂಗತಿ. 1920ರ ದಶಕದಲ್ಲಿ ಜಸ್ಟಿನ್ ಆ್ಯಬಟ್ ಎಂಬ ವಿದ್ವಾಂಸ ಲಂಡನ್ನಿನ ಮಾರ್ಸ್‌ಡೆನ್ ಸಂಗ್ರಹದಲ್ಲಿ ದೇವನಾಗರಿಯ ಹಸ್ತಪ್ರತಿ ಪತ್ತೆಹಚ್ಚಿದ. ಮೊಳೆಗೆ ಒಗ್ಗದ ಲಿಪಿ ಕೈಗೆ ಒಗ್ಗಿತ್ತು. ದೇವನಾಗರಿಯ ಅಚ್ಚು ಬಂದದ್ದು 1956ರಲ್ಲಿ, ಶಾಂತಾರಾಮ ಬಂಡೇಲು ಅವರಿಂದ.

ಪ್ರಾರ್ಥನೆಯೂ ಬರವಣಿಗೆಯೂ ಒಂದೇ ಮನೆಯಲ್ಲಿ ಜಗಳವಿಲ್ಲದೆ ಬಾಳುತ್ತವೆ ಎಂದು ನಾನು ವಾದಿಸುತ್ತಿಲ್ಲ. ಜಗಳವೇ ಹೆಚ್ಚು. ಸ್ಟೀಫನ್ಸನ ಸಂಘದವನೇ ಆದ ಜೆರಾರ್ಡ್ ಮ್ಯಾನ್ಲಿ ಹಾಪ್‌ಕಿನ್ಸ್ 1868ರಲ್ಲಿ ದೀಕ್ಷೆಗೆ ಹೊರಡುವ ಮೊದಲು ತನ್ನ ಕವಿತೆಗಳನ್ನು ಸುಟ್ಟ. ಕವಿತೆ ತನ್ನ ಕರೆಗೆ ತಕ್ಕುದಲ್ಲ ಎಂದುಕೊಂಡು ಏಳು ವರ್ಷ ಹೆಚ್ಚುಕಡಿಮೆ ಬಾಯಿ ಕಟ್ಟಿಕೊಂಡ. 1875ರ ಡಿಸೆಂಬರಿನಲ್ಲಿ ಡಾಯಿಚ್‌ಲಾಂಡ್ ಹಡಗು ಒಡೆದು ಐವರು ಸನ್ಯಾಸಿನಿಯರು ಮುಳುಗಿದಾಗ, ಇದರ ಮೇಲೆ ಯಾರಾದರೂ ಕವಿತೆ ಬರೆದರೆ ಚೆನ್ನಿತ್ತು ಎಂದು ಮಠದ ಹಿರಿಯ ಹೇಳಿದ್ದೇ ತಡ, ಕಟ್ಟೆಯೊಡೆಯಿತು. ಬರೆದ ಕವಿತೆಯನ್ನು ಸಂಘದ ಪತ್ರಿಕೆಯೇ ಅಚ್ಚು ಹಾಕಲಿಲ್ಲ. ಅವನ ಸಂಕಲನ ಬಂದದ್ದು 1918ರಲ್ಲಿ, ಅವನು ಸತ್ತು ಸುಮಾರು ಮೂವತ್ತು ವರ್ಷವಾದ ಮೇಲೆ. ಇನ್ನೊಂದು ತುದಿಯಲ್ಲಿ ಅಮೆರಿಕದ ಫ್ಲ್ಯಾನರಿ ಓಕಾನರ್. ಇಪ್ಪತ್ತರ ಆಸುಪಾಸಿನಲ್ಲಿ ಅಯೋವಾದಲ್ಲಿ ಓದುತ್ತಿದ್ದಾಗ, 1946–47ರಲ್ಲಿ, ಒಂದು ನೋಟುಬುಕ್ಕಿನಲ್ಲಿ ದೇವರಿಗೆ ಪತ್ರ ಬರೆದಂತೆ ಪ್ರಾರ್ಥನೆ ಬರೆಯುತ್ತಿದ್ದಳು. ಅವಳು ಬೇಡಿಕೊಂಡದ್ದರಲ್ಲಿ ಮುಖ್ಯವಾದದ್ದು, ನನ್ನನ್ನು ಒಳ್ಳೆಯ ಕಥೆಗಾರ್ತಿ ಮಾಡು ಎಂಬುದು. ನಾಚಿಕೆಯಿಲ್ಲದ, ನೇರವಾದ ಅರ್ಜಿ. ಕೊನೆಯ ಪುಟದಲ್ಲಿ ಓಟ್ಸ್ ಬಿಸ್ಕತ್ತಿನ ಆಸೆಬುರುಕತನವನ್ನೂ ಒಪ್ಪಿಕೊಳ್ಳುತ್ತಾಳೆ. ಆ ನೋಟುಬುಕ್ಕು 2013ರಲ್ಲಿ ಪುಸ್ತಕವಾಯಿತು. ಹಾಪ್‌ಕಿನ್ಸನಿಗಿಂತ ದೊಡ್ಡ ಕವಿ ಆ ಕಾಲಕ್ಕೆ ಕಡಿಮೆ, ಗೊತ್ತು. ಆದರೂ ನನಗೆ ಬಿಸ್ಕತ್ತಿನ ಹುಡುಗಿಯೇ ಹತ್ತಿರದವಳು.

ಇವರಿಬ್ಬರ ಕಥೆ ಹೇಳಿದಾಗ ಟೀಚರು ಹಾಪ್‌ಕಿನ್ಸನ ಪಾಲಿಗೆ ‘ತ್ಚು ತ್ಚು’ ಎಂದರು. “ಸುಡುವುದಕ್ಕೆ ಯಾರು ಹೇಳಿದ್ದು ಅವನಿಗೆ?” ಯಾರೂ ಹೇಳಿರಲಿಲ್ಲ ಎಂದೆ. “ಅದೇ ನೋಡಿ. ದೇವರು ಕೇಳದ್ದನ್ನೆಲ್ಲ ಕೊಟ್ಟುಬಿಡುವುದು ಒಂದು ಜಂಬ.”

ಕರಾವಳಿಯ ಕೊಂಕಣಿಯಲ್ಲಿ ಈ ಜಗಳ ಅಷ್ಟಾಗಿ ನಡೆದಂತೆ ಕಾಣುವುದಿಲ್ಲ. ಇಲ್ಲಿ ಬರಹ ಇಗರ್ಜಿಯ ಅಂಗಳದಲ್ಲೇ ಆಡಿ ಬೆಳೆಯಿತು. 1912ರಲ್ಲಿ ‘ಕೊಂಕಣಿ ದಿರ್ವೆಂ’ ಪತ್ರಿಕೆ ಶುರುಮಾಡಿದ ಲೂವಿಸ್ ಮಸ್ಕರೇನ್ಹಸ್ ಕೊಂಕಣಿಯಲ್ಲೊಂದು ಮಹಾಕಾವ್ಯ ಬರೆಯಹೊರಟಾಗ ಅವರಿಗೆ ಸಿಕ್ಕ ವಸ್ತು ಅಬ್ರಹಾಮ ಮಗನನ್ನು ಬಲಿಕೊಡಲು ಒಯ್ದ ಕಥೆ, ‘ಅಬ್ರಾಂವ್ಚೆಂ ಯಜ್ಞದಾನ್’. 1938ರಿಂದ ಬರುತ್ತಿರುವ ‘ರಾಕ್ಣೊ’ ಧರ್ಮಪ್ರಾಂತದ ವಾರಪತ್ರಿಕೆ. ಅದರಲ್ಲೇ ಎಷ್ಟೋ ಕಥೆಗಾರರು ಕಣ್ಣು ಬಿಟ್ಟರು. ಅಂಗಳಕ್ಕೆ ಬೇಲಿಯೂ ಇರುತ್ತದೆ ಎಂಬ ತಕರಾರು ಕೊಂಕಣಿಯ ಹೊಸ ಬರಹಗಾರರಿಂದ ಕೇಳಿದ್ದೇನೆ. ಆ ತಕರಾರಿನಲ್ಲಿ ಹುರುಳಿದೆ.

ಕನ್ನಡದ ಕಡೆಗೆ ಬಂದರೆ ನೆನಪಾಗುವವರು ಇಬ್ಬರು. ಮಿಶನರಿ ಕಿಟೆಲ್ 1853ರಲ್ಲಿ ಧಾರವಾಡಕ್ಕೆ ಬಂದವರು, 1862ರಲ್ಲಿ ‘ಕಥಾಮಾಲೆ’ ಎಂದು ಯೇಸುವಿನ ಕಥೆಯನ್ನು ನಮ್ಮ ದೇಶೀ ಛಂದಸ್ಸುಗಳಲ್ಲಿ ಹೊಸೆದರು. ಎಲ್ಲರೂ ಅವರ 1894ರ ನಿಘಂಟನ್ನು ಹೊಗಳುತ್ತಾರೆ, ಈ ಪದ್ಯಗಳನ್ನು ಕೇಳುವವರಿಲ್ಲ. ನನ್ನ ಊಹೆಯೆಂದರೆ, ದೇವರ ಕಥೆಯನ್ನು ಲಯಕ್ಕೆ ಕೂರಿಸಲು ಒದ್ದಾಡಿದ ಆ ದಿನಗಳೇ ಅವರನ್ನು 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಸಂಪಾದಿಸುವವರೆಗೆ ಎಳೆದು ತಂದವು. ಇನ್ನೊಬ್ಬರು ಉತ್ತಂಗಿ ಚನ್ನಪ್ಪನವರು. ಬಾಸೆಲ್ ಮಿಶನ್ನಿನ ಪಾದ್ರಿ, ಆದರೆ ಊರೂರು ಅಲೆದು ಕೂಡಿಸಿದ್ದು ಸರ್ವಜ್ಞನ ವಚನಗಳನ್ನು. 1924ರಲ್ಲಿ ಬಂದ ಆ ಸಂಪುಟ ಇಲ್ಲದೆ ಸರ್ವಜ್ಞ ನಮಗೆ ಈಗಿರುವಷ್ಟು ಇಡಿಯಾಗಿ ಸಿಗುತ್ತಿರಲಿಲ್ಲ. 1949ರ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಸಭೆಯಲ್ಲಿ ಬೋಧಿಸಿ ಮನೆಗೆ ಬಂದು ತ್ರಿಪದಿಗಳ ಪಾಠಾಂತರ ನೋಡುತ್ತ ಕೂರುವ ಪಾದ್ರಿಯ ಮೇಲೆ ಯಾರಾದರೂ ಒಂದು ಒಳ್ಳೆಯ ನಾಟಕ ಬರೆಯಬೇಕು.

ಮತ್ತೆ ಪುರಾಣಕ್ಕೆ. ಸ್ಟೀಫನ್ಸನ ಕಾವ್ಯದಲ್ಲಿ ಎದ್ದು ಕಾಣುವ ಒಂದು ಗೈರುಹಾಜರಿ ಇದೆ. ಯೇಸುವಿನ ಮೊದಲ ಪವಾಡ, ಕಾನಾ ಊರಿನ ಮದುವೆಮನೆಯಲ್ಲಿ ನೀರು ದ್ರಾಕ್ಷಾರಸವಾದದ್ದು, ಅವನ ಮೂಲದಲ್ಲಿ ಇರಲಿಲ್ಲ. ಈಗ ಓದಲು ಸಿಗುವ ಆ ಓವಿಗಳು ಬೇರೊಬ್ಬ ಗೋವೆಯ ಪಾದ್ರಿ ಆಮೇಲೆ ಬರೆದು ಸೇರಿಸಿದವು. 11,000 ಓವಿ ಬರೆದವನಿಗೆ ಇಂಥ ರಸವತ್ತಾದ ಪ್ರಸಂಗ ಮರೆತುಹೋಯಿತೇ? ಮದ್ಯವೆಂದರೆ ಮೂಗು ಮುರಿಯುವ ಬ್ರಾಹ್ಮಣ ಕೇಳುಗರಿಗೆ ಮುಜುಗರವಾದೀತೆಂದು ಬಿಟ್ಟ ಎಂಬುದು ವಿದ್ವಾಂಸರ ವಿವರಣೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ದಿನಾ ಬೆಳಗ್ಗೆ ಅದೇ ಜನರೆದುರು ಅದೇ ದ್ರಾಕ್ಷಾರಸವನ್ನು ಬಟ್ಟಲಲ್ಲಿ ಎತ್ತಿ ಹಿಡಿದು ಪೂಜೆ ಮಾಡುವವನಿಗೆ ಪದ್ಯದಲ್ಲಿ ಮಾತ್ರ ಏಕೆ ಸಂಕೋಚ?

ಟೀಚರ ನೋಟುಬುಕ್ಕು ಬೆಳೆಯುತ್ತಿರುವುದು ಸರಿಯಾಗಿ ಈ ಖಾಲಿ ಜಾಗದಲ್ಲಿ. ಸೇರಿಸಿದ ಓವಿಗಳು ಅವರಿಗೆ ರುಚಿಸಿಲ್ಲ. “ಅದರಲ್ಲಿ ಪವಾಡ ಬೇಗ ಆಗಿಬಿಡ್ತದೆ” ಎಂದರು. ಅವರು ಬರೆಯುತ್ತಿರುವುದು ನೀರು ಸೇದಿದವರ ಕಥೆ. ಯೋಹಾನನ ಸುವಾರ್ತೆಯಲ್ಲಿ ಆರು ಕಲ್ಲಿನ ಬಾನಿಗಳ ಮಾತು ಬರುತ್ತದೆ. ಒಂದೊಂದಕ್ಕೆ ಎಂಬತ್ತರಿಂದ ನೂರಿಪ್ಪತ್ತು ಲೀಟರ್ ಹಿಡಿಯುತ್ತದೆಂದು ಬೈಬಲಿನ ಟಿಪ್ಪಣಿ ನೋಡಿ ಲೆಕ್ಕ ಹಾಕಿಟ್ಟಿದ್ದಾರೆ. ಕಂಠದವರೆಗೆ ತುಂಬಿಸಿರಿ ಎಂದು ಯೇಸು ಹೇಳಿದ್ದು ಆಳುಗಳಿಗೆ. ಔತಣದ ಮೇಲ್ವಿಚಾರಕನಿಗೆ ರಸ ಎಲ್ಲಿಂದ ಬಂತೆಂದು ತಿಳಿಯಲಿಲ್ಲ, ನೀರು ತಂದ ಆಳುಗಳಿಗೆ ಗೊತ್ತಿತ್ತು, ಇದೂ ಸುವಾರ್ತೆಯಲ್ಲೇ ಇದೆ. “ಮದುವೆಮನೆಯಲ್ಲಿ ಆರುನೂರು ಲೀಟರ್ ನೀರು ಬಾವಿಯಿಂದ ಎಳೆದದ್ದು ಯಾರು? ಹೆಂಗಸರೇ ಅಲ್ವಾ? ಎಷ್ಟು ಕೊಡ ಆಯ್ತು, ಕೈ ಎಷ್ಟು ನೋಯ್ತು, ಏನು ಗೊಣಗಿದರು, ಅದು ಬೇಡವಾ?”

ಇಗ್ನೇಷಿಯಸನ ಕೈಪಿಡಿಯನ್ನು ಅವರು ಓದಿಲ್ಲ, ಕೇಳಿ ಖಚಿತ ಮಾಡಿಕೊಂಡೆ. ಆದರೆ ಗವಿಯಲ್ಲಿ ನಿಂತ ಆ ಹೆಸರಿಲ್ಲದ ಕೆಲಸದಾಕೆಗೆ ಇಲ್ಲೊಬ್ಬಳು ತಂಗಿ ಹುಟ್ಟಿದ್ದಾಳೆ. ಅವಳ ಕೈಯಲ್ಲಿ ಹಗ್ಗ, ಬಾಯಲ್ಲಿ ಮಂಗಳೂರಿನ ಕೊಂಕಣಿ. ಮದುಮಗನ ಸೋದರತ್ತೆಯ ಜಿಪುಣತನದ ಬಗ್ಗೆ ಎರಡು ಓವಿ ಇವೆ, ಅವುಗಳನ್ನು ಓದುವಾಗ ಟೀಚರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಮನೆಯಲ್ಲೇ ಯಾರೋ ಮಾದರಿ ಇರಬೇಕು.

ನಾವು ಹೋದಾಗ ಮೂರು ಬಾನಿ ತುಂಬಿತ್ತು. ಈಸ್ಟರಿನೊಳಗೆ ಆರೂ ತುಂಬಬೇಕು ಎಂಬುದು ಅವರ ಲೆಕ್ಕ. ನೀರು ದ್ರಾಕ್ಷಾರಸವಾಗುವುದು ಯಾವಾಗ ಎಂದೆ.

“ಅದಕ್ಕೆ ಇನ್ನೂ ಮೂರನೆಯ ಪ್ರಾಸ ಸಿಗಲಿಲ್ಲ” ಎಂದು ಪೆನ್ನಿನ ಮುಚ್ಚಳ ಹಾಕಿ, ರಾತ್ರಿಯ ಗಂಜಿಗೆ ಉಪ್ಪಿನಕಾಯಿ ತೆಗೆಯಲು ಎದ್ದರು.